ಕಣಿವೆಗೆ ಬಿದ್ದ ಕೆಂಪು ಕಾರು

ಬಂದವನು ಕಾರಿನ ಬಾಗಿಲ ಹಿಡಿಕೆಗೆ ಮೊದಲು ಕೈ ಹಾಕಲಿಲ್ಲ. ಮೊಣಕಾಲನ್ನು ಬಾಗಿಲ ಕೆಳಗೆ ಕೊಟ್ಟು ಒಂಚೂರು ಮೇಲೆತ್ತಿದ. ಆಮೇಲೆ ಎಳೆದ. ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು.

ಶೆಡ್ಡಿನ ಹೊರಗೆ ಮಣೆ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಿದ್ದ ಲಿಂಗಮ್ಮನ ಕೈ ನಿಂತುಬಿಟ್ಟಿತು.

ಬೆಂಗಳೂರಿನಿಂದ, ಮೈಸೂರಿನಿಂದ ಈ ಕಾರು ನೋಡಲು ಬಂದವರೆಲ್ಲ ಆ ಬಾಗಿಲ ಜೊತೆ ಗುದ್ದಾಡಿ ಸೋತಿದ್ದರು. ಹಳೇ ಕಾರುಗಳ ಹುಚ್ಚಿದ್ದ ಡಾಕ್ಟರೊಬ್ಬರು ಕೊನೆಗೆ ಆಚೆ ಬಾಗಿಲಿನಿಂದ ತೂರಿಕೊಂಡು ಹೋಗಿ ಕೂತಿದ್ದರು. ಈ ಮನುಷ್ಯ ಮಾತ್ರ ತನ್ನ ಮನೆಯ ಬಚ್ಚಲ ಬಾಗಿಲು ತೆಗೆದಷ್ಟು ಸಲೀಸಾಗಿ ತೆಗೆದುಬಿಟ್ಟ.

"ಚಂದ್ರಶೇಖರ್ ಅಂತ. ಮೂಡಿಗೆರೆ ಕಡೆ ತೋಟ. ಪೇಪರಲ್ಲಿ ಜಾಹೀರಾತು ನೋಡಿ ಬಂದೆ" ಎಂದಿದ್ದ ಬಂದ ಕೂಡಲೇ. ಐವತ್ತೈದು ದಾಟಿದ ಆಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಾಫಿ ತೋಟದವರ ಬೂಟು.

ಲಿಂಗಮ್ಮ ತಲೆ ಎತ್ತಲಿಲ್ಲ. ಅವನ ಹೆಸರು ಚಂದ್ರಶೇಖರ್ ಅಲ್ಲವೆಂದು ಅವಳಿಗೆ ಗೊತ್ತಿತ್ತು.

ಇಟಲಿಯಿಂದ ಬಂದ ಕಾರು ಅದು. ಊರಿನ ಬಾಡಿಗೆ ಫಿಯೆಟ್ಟುಗಳ ದಾಯಾದಿಯೇ ಆದರೂ ನೋಡಿದರೆ ನಂಬಲಾಗದು. ಎರಡೇ ಬಾಗಿಲು, ನೆಲಕ್ಕೆ ಹತ್ತಿದಂತೆ ತಗ್ಗಿದ ಮೈ, ತಲೆಯ ಮೇಲೆ ತಗಡಿನ ಬದಲು ಮಡಿಚಿಡುವ ಕ್ಯಾನ್ವಾಸು. ತೊಂಡೆಹಣ್ಣಿನ ಕೆಂಪು. ಇಪ್ಪತ್ಮೂರು ವರ್ಷದ ಹಿಂದೆ ಗಂಗಾಮಣಿ ಎಂಬ ಹುಡುಗಿಯನ್ನು ಕೂರಿಸಿಕೊಂಡು ಈ ಕಾರು ಘಾಟಿಯ ಕಣಿವೆಗೆ ಬಿದ್ದು ಹೊಳೆಪಾಲಾಯಿತೆಂದು ಇಡೀ ತಾಲೂಕು ನಂಬಿತ್ತು. ಅದೀಗ ಬಾಳ್ಳುಪೇಟೆಯ ಲಾರಿ ವರ್ಕ್‌ಶಾಪಿನ ಹಿಂದಿನ ಶೆಡ್ಡಿನಲ್ಲಿ, ಒಂದು ತರಚೂ ಇಲ್ಲದೆ, ಮಾರಾಟಕ್ಕೆ ನಿಂತಿತ್ತು.

ವರ್ಕ್‌ಶಾಪು ರಹೀಮನದು. ಆರು ತಿಂಗಳ ಹಿಂದೆ ಎದೆನೋವು ಬಂದು ತೀರಿಕೊಂಡ. ಗಂಡ ಸತ್ತವರು ಹೊಸ್ತಿಲು ದಾಟದೆ ಇರಬೇಕಾದ ಇದ್ದತ್ತಿನ ದಿನಗಳನ್ನು ಮನೆಯೊಳಗೇ ಕಳೆದು ಹೊರಬಂದ ಅವನ ಹೆಂಡತಿ ಬಿಲ್ಕಿಸ್, ಗಂಡ ಎಂದೂ ತೆಗೆಯಗೊಡದ ಶೆಡ್ಡಿನ ಬೀಗ ಒಡೆಸಿದಳು. ಒಳಗೆ ಇದು ಕೂತಿತ್ತು.

ಪೊಲೀಸಿನಲ್ಲಿ ಹೆಡ್ ಕಾನ್ಸ್‌ಟೇಬಲ್ ಆಗಿ ನಿವೃತ್ತಳಾಗಿ ಆಲೂರಿನಲ್ಲಿ ನೆಲೆಸಿದ್ದ ಲಿಂಗಮ್ಮನ ಬಾಗಿಲಿಗೆ ಜನ ಬರುತ್ತಿದ್ದುದು ಕಳೆದ ದನ, ಓಡಿಹೋದ ಅಳಿಯ, ಕದ್ದ ಮೆಣಸಿನ ಮೂಟೆ, ಇಂಥದ್ದಕ್ಕೆ. ಬಿಲ್ಕಿಸ್ ಬಂದು ಕೇಳಿದ್ದೇ ಬೇರೆ.

"ನನ್ನ ಗಂಡ ಕೊಲೆಗಾರನಾ, ಅಲ್ವಾ? ಅದೊಂದು ಹೇಳ್ಬಿಡಿ ಲಿಂಗಮ್ಮಕ್ಕ. ಆಮೇಲೆ ಕಾರು ಯಾರಾದ್ರೂ ತಗಂಡು ಹೋಗ್ಲಿ."

ಕಾರಿನೊಳಗೆ ಕೂರಲು ಬಗ್ಗಿದ ಮನುಷ್ಯ ಅರ್ಧಕ್ಕೇ ನಿಂತ. ಸೀಟನ್ನು ನೋಡುತ್ತಿದ್ದ.

ಚಾಲಕನ ಸೀಟು ತೀರಾ ಮುಂದಕ್ಕೆ ಎಳೆದಿತ್ತು. ಗಿಡ್ಡ ಆಳು, ಅದರಲ್ಲೂ ಹೆಣ್ಣಾಳು ಕೂತರೆ ಕಾಲು ಸರಿಯಾಗಿ ಎಟುಕುವಷ್ಟು. ರಹೀಂ ಆರಡಿಯ ಜಟ್ಟಿ. ಕಾರಿನ ಟೈರು ಹೊಸದು, ಎಂಜಿನ್ನಿನಲ್ಲಿ ಊರ ಫಿಯೆಟ್ಟಿನ ಬಿಡಿಭಾಗಗಳು ನೀಟಾಗಿ ಕೂತಿದ್ದವು. ಇಷ್ಟು ವರ್ಷ ಜೋಪಾನ ಮಾಡಿದವನು ಸೀಟನ್ನು ಮಾತ್ರ ಒಂದು ಬೆರಳೂ ಹಿಂದೆ ಸರಿಸಿರಲಿಲ್ಲ.

"ಅದು ಹಂಗೇ ಐತೆ ಸರ್" ಎಂದಳು ಬಾಗಿಲಲ್ಲಿ ನಿಂತಿದ್ದ ಬಿಲ್ಕಿಸ್, ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ. "ಕೆಳಗೆ ಒಂದು ಕಡ್ಡಿ ಐತೆ. ಎಳೆದ್ರೆ ಹಿಂದಕ್ಕೆ ಹೋಯ್ತದೆ."

"ಬೇಡ."

"ಕಾಲು ಮಡಚಬೇಕಾಯ್ತದೆ."

"ಇರ್ಲಿ ಬಿಡಿ ತಾಯಿ."

ಅವನು ಮೊಣಕಾಲನ್ನು ಸ್ಟೀರಿಂಗಿಗೆ ಒತ್ತಿಕೊಂಡು ಮುದುಡಿ ಕೂತ. ಬಿಲ್ಕಿಸಳ ಮುಖ ಕಪ್ಪಿಟ್ಟಿತು. ಹಿಂದಿನ ಸಂಜೆ ಅವಳು ಲಿಂಗಮ್ಮನಿಗೆ ಹೇಳಿದ್ದಳು, "ಶೆಡ್ಡಿಗೆ ಕಾಲಿಟ್ರೆ ಆ ಸೀಟಲ್ಲಿ ಯಾರೋ ಕೂತು ನನ್ನೇ ನೋಡ್ತಾವ್ರೆ ಅನ್ಸುತ್ತೆ ಅಕ್ಕ. ನಾನು ಬರೋಕ್ಕೆ ಮುಂಚೆಯಿಂದ ಈ ಮನೇಲಿ ಇದ್ದೋಳು, ನಾನೇ ಆಮೇಲೆ ಬಂದೋಳು ಅನ್ನಂಗೆ."

"ಒಂದು ಸುತ್ತು ಓಡಿಸಿ ನೋಡ್ಬಹುದಾ?" ಎಂದ ಅವನು.

"ನೋಡಿ ಸರ್. ಆದ್ರೆ ನಮ್ಮೋರೊಬ್ರು ಜೊತೇಲಿ ಕೂತ್ಕತಾರೆ."

ಲಿಂಗಮ್ಮ ಮಡಿಲಿನ ಸಿಪ್ಪೆ ಕೊಡವಿ ಎದ್ದಳು.

* * *

ಸ್ಟೀರಿಂಗು ಎಡಗಡೆ ಇದ್ದ ಕಾರು. ಬಲಗಡೆ ಕೂತ ಲಿಂಗಮ್ಮನಿಗೆ ಎದುರು ಬರುವ ಲಾರಿಗಳೆಲ್ಲ ತನ್ನ ತೊಡೆಯ ಮೇಲೇ ಬಂದಂತಾಗುತ್ತಿತ್ತು.

ಕ್ಯಾನ್ವಾಸು ಮಡಿಚಿ ಹಿಂದಕ್ಕೆ ಬಿಟ್ಟಿದ್ದರು. ಡಿಸೆಂಬರಿನ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಸಕಲೇಶಪುರದ ಸೇತುವೆ ದಾಟುವಾಗ ಹೇಮಾವತಿ ಕಾಣಲೇ ಇಲ್ಲ, ಬರೀ ಅದರ ತಣ್ಣನೆ ಉಸಿರು ಮುಖಕ್ಕೆ ಬಡಿಯಿತು. ಬಸ್ ಸ್ಟ್ಯಾಂಡಿನ ಹತ್ತಿರ ಜನ ಕಾಫಿ ಲೋಟ ಹಿಡಿದಲ್ಲೇ ತಿರುಗಿ ನೋಡಿದರು. ವಯಸ್ಸಾದವರು ಮಾತು ನಿಲ್ಲಿಸಿದರು.

"ಎಲ್ಲಿಗಂಟ ಹೋಗಾನ ಸಾಮಿ?" ಎಂದಳು ಲಿಂಗಮ್ಮ.

"ಸ್ವಲ್ಪ ಮುಂದೆ. ಏರು ಇಳಿಜಾರಲ್ಲಿ ಹೆಂಗೆ ಹೋಗುತ್ತೆ ನೋಡ್ಬೇಕಲ್ಲ."

ಆನೇಮಹಲ್ ಹತ್ತಿರ ರಸ್ತೆಯ ಬದಿಯಲ್ಲಿ ಕಾಫಿ ಹಣ್ಣು ಕೊಯ್ಯಲು ಹೊರಟ ಹೆಂಗಸರ ಸಾಲು. ತಲೆಗೆ ವಸ್ತ್ರ, ಸೊಂಟಕ್ಕೆ ಗೋಣಿ. ಹಿಂದೆ ಬರುತ್ತಿದ್ದ ಮುದುಕಿಯೊಬ್ಬಳು ಎಂಜಿನ್ ಸದ್ದು ಕೇಳಿದ ಕೂಡಲೇ, ಕಾರು ಕಾಣುವ ಮೊದಲೇ, ನಿಂತಳು. ಕೈಯಲ್ಲಿದ್ದ ಕುಕ್ಕೆ ನೆಲಕ್ಕೆ ಬಿತ್ತು.

"ಅಮ್ಮಣ್ಣೀ!"

ಕಾರು ಅವಳನ್ನು ದಾಟಿತು. ಮುದುಕಿ ಎರಡೂ ಕೈ ಚಾಚಿ ರಸ್ತೆಯ ನಡುವೆ ಓಡತೊಡಗಿದಳು.

"ಅಮ್ಮಣ್ಣೀ, ನಿಂತ್ಕಳವ್ವಾ! ನಾನು ಕಣವ್ವ, ನಿನ್ನ ಎತ್ತಿ ಆಡಿಸಿದ ಚಿನ್ನಮ್ಮ!"

ಲಿಂಗಮ್ಮ ಹಿಂದಿರುಗಿ ನೋಡಿದಳು. ಮಂಜಿನಲ್ಲಿ ಆ ಕೈಗಳಷ್ಟೇ ಕಾಣುತ್ತಿದ್ದವು. ಆಮೇಲೆ ಅವೂ ಇಲ್ಲ.

ಪಕ್ಕದಲ್ಲಿದ್ದವನು ಕಾರು ನಿಲ್ಲಿಸಲಿಲ್ಲ. ವೇಗ ಹೆಚ್ಚಿಸಿದ. ಗಾಳಿಗೆ ಅವನ ಕಣ್ಣಿನ ನೀರು ಕಿವಿಯ ಕಡೆಗೆ ಹರಿಯುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ.

ದೋಣಿಗಾಲ್ ದಾಟಿ ಮಾರನಹಳ್ಳಿಯೂ ಹಿಂದಾಯಿತು. ಇಳಿಜಾರು ಶುರುವಾಯಿತು. ಕೆಳಗೆಲ್ಲೋ ಕೆಂಪುಹೊಳೆಯ ಸದ್ದು. ಒಂದು ತಿರುವಿನಲ್ಲಿ, ತಡೆಗೋಡೆಯ ಕಲ್ಲುಗಳ ನಡುವೆ ಒಂದಿಷ್ಟು ಉದ್ದಕ್ಕೆ ಬೇರೆ ಬಣ್ಣದ ಕಲ್ಲು ಕಟ್ಟಿದ್ದಲ್ಲಿ, ಅವನು ಕಾರನ್ನು ಅಂಚಿಗೆ ತಂದು ನಿಲ್ಲಿಸಿದ.

ಎಂಜಿನ್ ಆರಿಸಿದ ಮೇಲೆ ಹೊಳೆಯ ಸದ್ದು ಇನ್ನೂ ಹತ್ತಿರ ಬಂದಿತು.

"ಕಾರು ಚೆನ್ನಾಗೈತಾ, ಕರಿಯಪ್ಪನೋರೇ?" ಎಂದಳು ಲಿಂಗಮ್ಮ.

* * *

ಅವನು ತಟ್ಟನೆ ತಿರುಗಲಿಲ್ಲ. ಸ್ಟೀರಿಂಗಿನ ಮೇಲಿದ್ದ ಬೆರಳುಗಳು ಬಿಳುಚಿಕೊಂಡವು.

"ಯಾರು ನೀವು?"

"ಲಿಂಗಮ್ಮ. ಎಪ್ಪತ್ನಾಲ್ಕರಲ್ಲಿ ಸಕಲೇಶಪುರ ಸ್ಟೇಷನ್ನಲ್ಲಿ ಪಿ.ಸಿ. ಆಗಿದ್ದೆ. ನಿಮ್ಮ ತಾಯಿ ಮೀನಾಕ್ಷಮ್ಮನೋರ ಜೊತೆ ಕುಂತ್ಕಂಡಿರು ಅಂತ ಸಾಹೇಬ್ರು ಕಳಿಸಿದ್ರು. ಆಯಮ್ಮ ನನ್ನ ಕೈ ಹಿಡಿದೋರು ಮಾರನೇ ದಿನದಗಂಟ ಬುಡ್ಲಿಲ್ಲ."

ಕರಿಯಪ್ಪ ಕಣ್ಣು ಮುಚ್ಚಿದ.

"ಈ ತಿರುವಲ್ಲೇ ನಿಂತು ನೀವು ಸಾಹೇಬ್ರಿಗೆ ಹೇಳಿದ್ರಿ. ನನ್ನ ತಂಗಿ ಕಾರು ನನ್ನ ಕಣ್ಣೆದುರಿಗೇ ಕಣಿವೆಗೆ ಬಿತ್ತು, ನಾನು ಹಿಂದೆ ಜೀಪಲ್ಲಿದ್ದೆ ಅಂತ. ಆಷಾಢದ ಮಳೆ. ಹೊಳೆ ತುಂಬಿ ಮರಗಳನ್ನೇ ಹೊತ್ಕಂಡು ಹೋಗ್ತಿತ್ತು. ಕಾರು ಸಿಗಲಿಲ್ಲ, ಹುಡುಗಿ ಸಿಗಲಿಲ್ಲ. ಒಂದು ಚಪ್ಪಲಿ ಸಿಕ್ತು. ನೋಡಿದೋರು ನೀವೊಬ್ರೇ."

"ಹೌದು."

"ಬಿದ್ದ ಕಾರಲ್ಲೇ ಕುಂತ್ಕಂಡು ಬಂದಿದೀವಲ್ಲ ಈಗ!"

"ಇದು ಬೇರೆ ಕಾರು."

"ಬೇರೆ ಕಾರಾಗಿದ್ರೆ ಬಾಗಿಲಿಗೆ ಮೊಣಕಾಲು ಕೊಡಬೇಕು ಅಂತ ನಿಮ್ಗೆ ಹೇಳಿದೋರು ಯಾರು? ಸುಳ್ಳು ಹೆಸರು ಹೇಳ್ಕಂಡು ಯಾಕೆ ಬಂದ್ರಿ?" ಲಿಂಗಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಕಾಗದದ ಪೊಟ್ಟಣ ತೆಗೆದು ತೊಡೆಯ ಮೇಲೆ ಬಿಚ್ಚಿದಳು. ಒಂದು ಹಿಡಿ ಮರಳು. ನಡುನಡುವೆ ಚಿಪ್ಪಿನ ಚೂರು ಮಿಣುಕುತ್ತಿತ್ತು. "ಕಾಲಡಿ ಮ್ಯಾಟಿನ ಕೆಳಗೆ ಸಿಕ್ತು. ನಮ್ಮ ಹೊಳೇಲಿ ಇಂಥ ಮರಳು ಎಲ್ಲೈತೆ? ಇದು ಸಮುದ್ರದ್ದು. ಕಾರು ಕಣಿವೆಗೆ ಬೀಳಲಿಲ್ಲ ಗೌಡ್ರೆ. ಘಾಟಿ ಇಳಿದು ಸಮುದ್ರ ಮುಟ್ಟೈತೆ."

ಕರಿಯಪ್ಪ ಮರಳನ್ನು ನೋಡಿದ. ಒಂದು ಬೆರಳಿನಿಂದ ಮುಟ್ಟಿದ. ಅವನ ತುಟಿಯ ಅಂಚಿನಲ್ಲಿ ಬಂದದ್ದು ನಗುವೆಂದು ತಿಳಿಯಲು ಲಿಂಗಮ್ಮನಿಗೆ ಒಂದು ಗಳಿಗೆ ಹಿಡಿಯಿತು.

"ಮುಟ್ಟಿದ್ಲಾ?" ಎಂದ. "ಸಮುದ್ರ ನೋಡ್ಬೇಕು ಅಂತ ಬಹಳ ಆಸೆ ಇತ್ತು ಅವಳಿಗೆ."

"ಏನು ಮಾಡಿದ್ರಿ ನಿಮ್ಮ ತಂಗೀನ?"

"ಬಿಟ್ಟುಕೊಟ್ಟೆ."

ಅವನು ಬಾಗಿಲು ತೆಗೆದು ಇಳಿದ. ಬೇರೆ ಬಣ್ಣದ ಕಲ್ಲುಗಳ ಮೇಲೆ ಅಂಗೈ ಊರಿ ನಿಂತ. ಲಿಂಗಮ್ಮನೂ ಇಳಿದಳು. ಅವನು ಮಾತಾಡಿದ್ದು ಕಣಿವೆಯ ಕಡೆ ಮುಖಮಾಡಿಕೊಂಡೇ.

"ನಮ್ಮಪ್ಪ ತೋಟಪ್ಪಗೌಡ್ರ ಹೆಸರು ಕೇಳಿರ್ತೀರಿ. ಇಂಗ್ಲಿಷ್ ದೊರೆ ಊರು ಬಿಡುವಾಗ ಈ ಕಾರು ತಗೊಂಡಿದ್ದು ಅವರೇ. ಓಡಿಸೋಕೆ ಅವರಿಗೆ ಬರ್ತಿರ್ಲಿಲ್ಲ. ಗಂಗಾ ಹದಿನೆಂಟಕ್ಕೇ ಕಲಿತಳು. ಮಗಳು ಕಾರು ಓಡಿಸೋದು ಅಪ್ಪನಿಗೆ ಜಂಬ. ಅದೇ ಮಗಳು ನರ್ಸಿಂಗ್ ಓದ್ತೀನಿ ಅಂದಾಗ ಮಾತ್ರ ಕೆನ್ನೆಗೆ ಹೊಡೆದ್ರು. ಹೆಂಡತಿ ಸತ್ತ ಒಬ್ಬ ಎಸ್ಟೇಟ್ ಧಣಿಗೆ ಕೊಡೋದು ಅಂತ ನಿಶ್ಚಯ ಮಾಡಿದ್ರು. ಅವನ ವಯಸ್ಸು ಅಪ್ಪನದೇ."

"ಅವ್ರು ಯಾರ್ನಾದ್ರೂ ಇಷ್ಟಪಟ್ಟಿದ್ರಾ?"

"ಎಲ್ಲರೂ ಅದನ್ನೇ ಕೇಳೋದು. ಯಾರನ್ನೂ ಇಲ್ಲ. ಅವಳಿಗೆ ಹೋಗಬೇಕಿತ್ತು, ಅಷ್ಟೆ. ಓಡಿಹೋದ್ರೆ ಅಪ್ಪ ಹುಡುಕಿ ಕೊಂದೇಬಿಡ್ತಿದ್ರು. ಸತ್ತೋಳನ್ನ ಯಾರೂ ಹುಡುಕಲ್ಲ ಅಂತ ನಾನೇ ಹೇಳ್ದೆ."

ಹೊಳೆಯ ಸದ್ದಿನ ಮೇಲೆ ಅವನ ದನಿ ಒಂದೇ ಮಟ್ಟದಲ್ಲಿ ಹರಿಯುತ್ತಿತ್ತು.

"ರಹೀಂ ಆಗ ನಮ್ಮ ಎಸ್ಟೇಟಿನ ಲಾರಿ ಡ್ರೈವರು, ರಿಪೇರಿ ಕೆಲಸಾನೂ ಅವನದೇ. ನಂಬಿಕೆಯ ಆಳು. ಅವನು ಮುಂಚೇನೇ ಘಾಟಿ ಇಳಿದು ಗುಂಡ್ಯದಲ್ಲಿ ಕಾಯೋದು, ಇವಳು ಒಬ್ಬಳೇ ಅಲ್ಲೀತನಕ ಕಾರು ಓಡಿಸ್ಕೊಂಡು ಹೋಗೋದು, ಅಲ್ಲಿಂದ ಮುಂದಕ್ಕೆ ಅವನು ಮಂಗಳೂರಿಗೆ ಮುಟ್ಟಿಸೋದು. ಕಾರು ಮಾರಿ ದುಡ್ಡು ಅವಳ ಕೈಗೆ ಕೊಡೋದು. ನಾನು ಹಾರೆಯಿಂದ ಈ ಗೋಡೆ ಕೆಡವಿದೆ. ಚಪ್ಪಲಿ ಎಸೆದವಳು ಅವಳೇ. ನಗ್ತಾ ಎಸೆದ್ಲು. 'ಒಂದೇ ಸಾಕಾ, ಎರಡೂ ಬೇಕಾ ಅಣ್ಣ?' ಅಂದ್ಲು."

ಅವನು ಕೆಳಗಿನ ತಿರುವಿನ ಕಡೆ ಕೈ ತೋರಿಸಿದ.

"ಕಾರು ಆ ತಿರುವಲ್ಲಿ ಮರೆಯಾಯ್ತು. ನಾನು ಜೀಪು ತಿರುಗಿಸಿ ಕೂಗ್ತಾ ಅಳ್ತಾ ಮನೆಗೆ ಹೋದೆ. ನಾಟಕ ಅಂತ ಶುರುಮಾಡಿದ್ದು. ಅಮ್ಮನ ಮುಖ ನೋಡಿದ ಮೇಲೆ ಅಳು ನಿಜವಾಗಿ ಬಂದ್ಬಿಡ್ತು, ನಿಲ್ಲಿಸೋಕೇ ಆಗಲಿಲ್ಲ."

"ಅಮ್ಮನಿಗಾದ್ರೂ ಹೇಳ್ಬೇಕಿತ್ತು."

"ಅಮ್ಮನ ಹೊಟ್ಟೇಲಿ ಮಾತು ನಿಲ್ತಿರ್ಲಿಲ್ಲ. ಅಪ್ಪ ಹೋದ ಮೇಲೆ ಹೇಳೋಣ ಅಂದ್ಕೊಂಡೆ. ಅಪ್ಪನಿಗಿಂತ ಮೊದಲು ಅಮ್ಮನೇ ಹೋದ್ಲು." ಕರಿಯಪ್ಪ ಕೊನೆಗೂ ಅವಳ ಕಡೆ ತಿರುಗಿದ. "ಬದುಕಿರೋ ತಂಗಿಗೆ ವರ್ಷ ವರ್ಷ ತಿಥಿ ಮಾಡಿದೀನಿ ಲಿಂಗಮ್ಮನೋರೇ. ಎಡೆ ಇಟ್ಟು ಕಾಗೆ ಕರೆದಿದೀನಿ. ಕಾಗೆ ಮುಟ್ಟದೆ ಇದ್ದ ವರ್ಷ ಒಳಗೊಳಗೇ ಸಂತೋಷ. ನೋಡಿ, ಬದುಕಿದಾಳೆ, ಅದಕ್ಕೇ ಮುಟ್ಟಲಿಲ್ಲ ಅಂತ. ಮುಟ್ಟಿದ ವರ್ಷ ನಿದ್ದೆ ಬರ್ತಿರ್ಲಿಲ್ಲ."

"ಅವರು ಮಂಗಳೂರು ಮುಟ್ಟಿದ್ರು ಅಂತ ನಿಮ್ಗೆ ಹೇಳಿದೋರು ಯಾರು?"

"ರಹೀಂ."

"ಆಮೇಲೆ?"

"ವರ್ಷಕ್ಕೊಮ್ಮೆ, ಕಾಫಿ ಕುಯ್ಲು ಮುಗಿದ ಮೇಲೆ, ಅವನೇ ಬಂದು ಹೇಳಿ ಹೋಗ್ತಿದ್ದ. 'ಅಮ್ಮಣ್ಣಿ ಚೆನ್ನಾಗವ್ರೆ' ಅಂತ. ಎಲ್ಲಿದಾಳೆ ಅಂತ ನಾನು ಕೇಳಬಾರದು, ಅದು ಮೊದಲೇ ಆದ ಮಾತು. ಅಪ್ಪ ತೀರ್ಕೊಂಡ ಮೇಲೆ ಕೇಳ್ದೆ. ಇನ್ನೇನು ಭಯ, ಕರ್ಕೊಂಡು ಬಾ ಅಂದೆ. 'ಅವ್ರಿಗೆ ಇಷ್ಟ ಇಲ್ಲ ಸಾಹುಕಾರ್ರೇ' ಅಂದ. ತಲೆ ತಗ್ಗಿಸ್ಕೊಂಡು ಅಂದ."

"ಕಾರು ಮಾರಿದೆ ಅಂತಾನೂ ಅವನೇ ಹೇಳಿದ್ದಾ?"

"ಅವನೇ."

ಹೇಳಿದ ಕೂಡಲೇ ಆ ಮಾತಿನ ಭಾರ ಕರಿಯಪ್ಪನ ಮೇಲೆ ಬಿದ್ದಿತು. ಅವನು ಕೆಂಪು ಕಾರನ್ನು ಮೊದಲ ಸಲ ನೋಡುವವನಂತೆ ನೋಡಿದ. ಮಾರಿದ ಕಾರು ಬಾಳ್ಳುಪೇಟೆಯ ಶೆಡ್ಡಿನಲ್ಲೇ ಇತ್ತು. ಹಾಗಿದ್ದರೆ ಆ ಮನುಷ್ಯ ಹೇಳಿದ ಉಳಿದ ಮಾತುಗಳು? ಚೆನ್ನಾಗವ್ರೆ ಎಂದದ್ದು? ಇಷ್ಟ ಇಲ್ಲ ಎಂದದ್ದು?

"ಜಾಹೀರಾತು ನೋಡಿದ ದಿನದಿಂದ ನನಗೆ ಊಟ ಸೇರಿಲ್ಲ" ಎಂದ. ದನಿ ಈಗ ಒಡೆದಿತ್ತು. "ಇಂಥ ಕಾರು ಇನ್ನೊಂದು ಇರ್ಬಹುದು ಅಂತ ಬಂದೆ. ಬಾಗಿಲು ಸಿಕ್ಕಿಕೊಂಡಿತ್ತು. ಸೀಟು ಹಾಗೇ ಇತ್ತು..."

ಜೇಬಿಗೆ ಕೈ ಹಾಕಿ ಒಂದು ಸಣ್ಣ ಕೀ ತೆಗೆದ. ಹಿತ್ತಾಳೆಯದು, ಸವೆದು ನುಣ್ಣಗಾಗಿತ್ತು.

"ಡಿಕ್ಕಿದು. ಎರಡು ಕೀ ಇದ್ವು. ಒಂದು ಅವಳ ಹತ್ರ. ಇದೊಂದು ನಾನು ಇಟ್ಕೊಂಡೆ, ಸುಮ್ಮನೆ. ಡಿಕ್ಕಿ ತೆಗೆದಿದಾರಾ ಅವರು?"

"ಇಲ್ಲ. ಕೀ ಇಲ್ಲ ಅಂತ ಬಿಲ್ಕಿಸಮ್ಮ ಹಂಗೇ ಬುಟ್ಟವ್ರೆ. ಯಾರೂ ಮೀಟಿಲ್ಲ, ನಾನು ನೋಡಿದೀನಿ."

ಇಬ್ಬರೂ ಕಾರಿನ ಹಿಂದಕ್ಕೆ ಬಂದರು. ಕರಿಯಪ್ಪ ಕೀಯನ್ನು ಮುಂದೆ ಚಾಚಿದ. ಲಿಂಗಮ್ಮ ತೆಗೆದುಕೊಂಡು ತಿರುಗಿಸಿದಳು. ಎಣ್ಣೆ ಹಾಕಿದ ಬೀಗದಂತೆ ಸಲೀಸಾಗಿ ತಿರುಗಿತು.

ಒಳಗೆ ಒಂದು ಕಂದು ಬಣ್ಣದ ಸೂಟ್‌ಕೇಸು ಇತ್ತು.

ಕರಿಯಪ್ಪ ಅದನ್ನು ನೋಡಿದ. ಹಿಂದೆ ಹಿಂದೆ ಸರಿದು ತಡೆಗೋಡೆಗೆ ಬೆನ್ನು ತಾಗಿದ ಮೇಲೆ ಅಲ್ಲೇ ಕುಸಿದು ಕೂತ. ಲಿಂಗಮ್ಮ ಹತ್ತಿರ ಹೋದಳು.

"ನಿಮ್ದಾ?"

"ನಾನೇ ತುಂಬಿದ್ದು. ಅವಳಿಗೆ ಪುರುಸೊತ್ತಿರ್ಲಿಲ್ಲ. ಅಮ್ಮನ ಬೀರುವಿನಿಂದ ನಾನೇ ಕದ್ದು ತುಂಬಿದ್ದು. ಹಳದಿ ಸೀರೆ, ಒಂದು ಸ್ವೆಟರು, ಟವೆಲ್ಲು..." ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಬಟ್ಟೆಯೇ ಇಲ್ಲದೆ ಎಲ್ಲಿಗೆ ಹೋದ್ಲು ಲಿಂಗಮ್ಮನೋರೇ? ಮಂಗಳೂರು ಮುಟ್ಟಿದೋಳು ಪೆಟ್ಟಿಗೆ ಇಳಿಸ್ಕೊಳ್ಳಲ್ವಾ? ಅವಳು ಎಲ್ಲೂ ಹೋಗ್ಲಿಲ್ಲ. ನಾನು ಸುಳ್ಳು ತಿಥಿ ಮಾಡಿದೆ ಅಂದ್ಕೊಂಡೆ. ಅದು ಸುಳ್ಳಾಗಿರ್ಲಿಲ್ಲ!"

ಘಾಟಿ ಏರುತ್ತಿದ್ದ ಲಾರಿಯೊಂದು ನರಳುತ್ತ ಹತ್ತಿರ ಬಂದು ದಾಟಿಹೋಯಿತು. ಕ್ಲೀನರು ಇವರಿಬ್ಬರನ್ನೂ ಕೆಂಪು ಕಾರನ್ನೂ ಕುತ್ತಿಗೆ ಉದ್ದಮಾಡಿ ನೋಡಿದ.

ಲಿಂಗಮ್ಮ ಡಿಕ್ಕಿಯ ಬಳಿ ವಾಪಸು ಬಂದು ಸೂ‌ಟ್‌ಕೇಸಿನ ಚಿಲಕ ಎತ್ತಿದಳು.

ಮೇಲೆಯೇ ಹಳದಿ ಸೀರೆ. ಅಚ್ಚುಕಟ್ಟಾದ ಮಡಿಕೆ. ಹುಳ ಹತ್ತಿರಲಿಲ್ಲ, ಬೂಷ್ಟು ಹಿಡಿದಿರಲಿಲ್ಲ. ಸೀರೆಯನ್ನು ಎತ್ತುತ್ತಿದ್ದಂತೆ ಮೂಗಿಗೆ ಖಾರವಾದ ವಾಸನೆ ಹೊಡೆಯಿತು. ಅವಳು ಮಡಿಕೆಗಳ ನಡುವೆ ಬೆರಳಾಡಿಸಿದಳು. ಸಣ್ಣ, ಬಿಳಿಯ, ದುಂಡನೆಯದೊಂದು ಸಿಕ್ಕಿತು. ಇನ್ನೊಂದು. ಮತ್ತೂ ಒಂದು.

"ಗೌಡ್ರೆ, ಏಳಿ."

ಕರಿಯಪ್ಪ ಏಳಲಿಲ್ಲ.

"ಏಳಿ ಅಂದೆ. ಬಟ್ಟೆ ತುಂಬುವಾಗ ನುಸಿಗುಳಿಗೆ ಹಾಕಿದ್ರಾ?"

"ಏನು?"

"ನುಸಿಗುಳಿಗೆ. ಬೀರುವಿಗೆ ಹಾಕ್ತಾರಲ್ಲ."

"ಓಡಿಹೋಗೋಳ ಪೆಟ್ಟಿಗೆಗೆ ಯಾರು ಹಾಕ್ತಾರೆ?"

ಲಿಂಗಮ್ಮ ಅಂಗೈ ಚಾಚಿದಳು. ಅಂಗಡಿಯಿಂದ ಆಗಷ್ಟೇ ತಂದಂತೆ, ಗೋಲಿಯಷ್ಟು ದಪ್ಪಗೆ, ಮೂರೂ ಹೊಳೆಯುತ್ತಿದ್ದವು.

"ನಮ್ಮನೆ ಟ್ರಂಕಲ್ಲಿ ಹಾಕಿದ್ದು ಎರಡು ತಿಂಗಳು ಕಳೆಯೋದ್ರೊಳಗೆ ಕಡ್ಲೆಕಾಳಾಯ್ತದೆ. ಆಮೇಲೆ ಅದೂ ಇಲ್ಲ, ಗಾಳಿಗೆ ಕರಗೋಯ್ತದೆ. ಇವು ಇನ್ನೂ ಸವೆದೇ ಇಲ್ಲ. ರಹೀಂ ಸತ್ತು ಆರು ತಿಂಗಳಾಯ್ತು, ಅವನು ಹಾಕಿದ್ದಲ್ಲ. ಬಿಲ್ಕಿಸಮ್ಮನ ಹತ್ರ ಡಿಕ್ಕಿ ಕೀ ಇಲ್ಲ. ನಿಮ್ಮ ಕೀ ನಿಮ್ಮ ಜೇಬಲ್ಲೇ ಐತೆ."

ಕರಿಯಪ್ಪ ಗೋಡೆ ಹಿಡಿದು ಎದ್ದು ನಿಂತ.

"ಶೆಡ್ಡಿನ ಬೀಗ ಒಡೆದಾದ ಮೇಲೆ ಕಾರು ನೋಡೋಕೆ ಅಂತ ಎಷ್ಟೋ ಜನ ಬಂದು ಹೋಗವ್ರೆ" ಎಂದಳು ಲಿಂಗಮ್ಮ. "ಗಂಡಸರು ಬಂದವ್ರೆ, ಹೆಂಗಸರೂ ಬಂದವ್ರೆ. ಅವರಲ್ಲೊಬ್ರ ಹತ್ರ ಎರಡನೇ ಕೀ ಇತ್ತು."

ಅವನು ನುಸಿಗುಳಿಗೆಯೊಂದನ್ನು ತೆಗೆದುಕೊಂಡು ಮೂಗಿನ ಬಳಿ ಹಿಡಿದ. ಮಕ್ಕಳು ಅಳುವ ಹಾಗೆ ಗಟ್ಟಿಯಾಗಿ ಅತ್ತುಬಿಟ್ಟ.

* * *

ಬಾಳ್ಳುಪೇಟೆಗೆ ವಾಪಸು ಬರುವಾಗ ಕಾರು ನಡೆಸಿದವನು ಬೇರೆಯೇ ಕರಿಯಪ್ಪ. ದಾರಿಯುದ್ದಕ್ಕೂ ಮಾತು. ಗಂಗಾಗೆ ಈಗ ನಲವತ್ತಾರು ಆಗಿರಬೇಕು. ಕೂದಲು ನೆರೆತಿರಬಹುದು. ಮನೆಯ ಮೇಲಿನ ಕೋಣೆ ಗುಡಿಸಿಡಬೇಕು. ಆನೇಮಹಲಿನಲ್ಲಿ ಕಾರು ನಿಧಾನಿಸಿ ಚಿನ್ನಮ್ಮನನ್ನು ಹುಡುಕಿದ. ಅವಳು ಕಾಣಲಿಲ್ಲ.

"ಅವಳು ಬಂದ್ರೆ ನನಗೆ ಮೊದಲು ಹೇಳ್ಬೇಕು" ಎಂದ.

ಲಿಂಗಮ್ಮ ಹೂಂ ಎನ್ನಲಿಲ್ಲ. ತಂಗಿ ಇಷ್ಟು ಹತ್ತಿರ ಬಂದು, ಪೆಟ್ಟಿಗೆಯ ಬಟ್ಟೆಗೆ ನುಸಿಗುಳಿಗೆ ಹಾಕಿ ಹೋಗುವಷ್ಟು ವ್ಯವಧಾನವಿದ್ದವಳು, ಅಣ್ಣನ ಮನೆಗೆ ಯಾಕೆ ಹೋಗಲಿಲ್ಲ ಎಂಬುದೊಂದು ಅವಳ ತಲೆಯಲ್ಲಿ ಕೊರೆಯುತ್ತಿತ್ತು.

ಬಿಲ್ಕಿಸ್ ವರ್ಕ್‌ಶಾಪಿನ ಮುಂದೆ ರಸ್ತೆಗೇ ಬಂದು ನಿಂತಿದ್ದಳು. ಕಾರು ನಿಲ್ಲುವ ಮೊದಲೇ ಓಡಿಬಂದು ಬಾಗಿಲು ಹಿಡಿದಳು.

"ತಪ್ಪು ತಿಳೀಬೇಡಿ ಸರ್. ಕಾರು ಕೊಡಕ್ಕಾಗಲ್ಲ." ಉಸಿರು ಏರಿಳಿಯುತ್ತಿತ್ತು. "ನೀವು ಆ ಕಡೆ ಹೋದಂಗೇ ಫೋನ್ ಬಂತು ಲಿಂಗಮ್ಮಕ್ಕ. ಹೆಂಗಸು. 'ಅದು ನನ್ನ ಕಾರು, ಯಾರಿಗೂ ಕೊಡಬೇಡಿ, ನಾಳೆ ಬರ್ತೀನಿ' ಅಂದ್ರು. ಯಾರಮ್ಮ ನೀವು ಅಂದೆ. 'ನಿಮ್ಮ ಯಜಮಾನ್ರು ಹೊಳೆ ದಂಡೇಲಿ ಎತ್ಕೊಂಡು ಬದುಕಿಸಿದ ಜೀವ' ಅಂದ್ರು." ಬಿಲ್ಕಿಸಳ ಕಣ್ಣು ತುಂಬಿಬಂತು, ಮುಖ ಮಾತ್ರ ಅರಳಿತ್ತು. "ಕೇಳ್ದ್ರಾ ಅಕ್ಕ? ಬದುಕಿಸಿದ್ದು! ನಮ್ಮೋರು ಯಾರ್ನೂ ಕೊಂದಿಲ್ಲ!"

"ಗಂಗಾ" ಎಂದ ಕರಿಯಪ್ಪ ಪಿಸುದನಿಯಲ್ಲಿ. "ಏನಂದ್ಲು? ಇನ್ನೇನಂದ್ಲು ತಾಯಿ?"

"ಇನ್ನೊಂದೇ ಮಾತು. 'ನಾನು ಬರೋದು ನಮ್ಮಣ್ಣ ಕರಿಯಪ್ಪನಿಗೆ ತಿಳೀಕೂಡದು. ಆವತ್ತು ಘಾಟೀಲಿ ನನ್ನ ಕಾರಿನ ಬ್ರೇಕ್ ಹಿಡೀಲಿಲ್ಲ, ಕಾರು ಪೊದೆಗೆ ನುಗ್ಗಿ ನಿಂತು ನಾನು ಹೊಳೆ ಕಡೆಗೆ ಎಗರಿಬಿದ್ದೆ. ಅದನ್ನ ಬಿಚ್ಚಿಟ್ಟೋನು ಅವನೇ ಅಂತ ನಿಮ್ಮ ಯಜಮಾನ್ರು ಹೇಳಿದ್ರು. ನಾನು ಸತ್ತೆ ಅಂತಾನೇ ಅವನು ತಿಳ್ಕಂಡಿರ್ಲಿ' ಅಂದ್ರು. ಸರ್, ಯಾರು ಸರ್ ಈ ಕರಿಯಪ್ಪ? ನಿಮ್ಗೇನಾದ್ರೂ ಗೊತ್ತಾ?"

ವರ್ಕ್‌ಶಾಪಿನೊಳಗೆ ಯಾರೋ ತಗಡು ಬಡಿಯುತ್ತಿದ್ದವರು ನಿಲ್ಲಿಸಿದರು.

ಕರಿಯಪ್ಪ ನಿಧಾನವಾಗಿ ಕಾರಿನಿಂದ ಇಳಿದ. ದಾರಿಯುದ್ದಕ್ಕೂ ಮುಖದ ಮೇಲಿದ್ದ ಬೆಳಕೆಲ್ಲ ಇಳಿದುಹೋಗಿತ್ತು.

"ಕರಿಯಪ್ಪ ನಾನೇ" ಎಂದ.

ಬಿಲ್ಕಿಸ್ ಬಾಗಿಲಿನಿಂದ ಕೈ ಕಿತ್ತುಕೊಂಡು ಹಿಂದೆ ಸರಿದಳು. ಅವಳು ಎಡವದಂತೆ ಲಿಂಗಮ್ಮ ತೋಳು ಹಿಡಿದಳು.

"ನನಗೆ ಕಾರಿನ ಒಂದು ನಟ್ಟು ಬಿಚ್ಚೋಕೂ ಬರಲ್ಲ ತಾಯಿ, ಆಗಲೂ ಬರ್ತಿರ್ಲಿಲ್ಲ" ಎಂದ ಕರಿಯಪ್ಪ. ಮಾತು ಒಂದೊಂದಾಗಿ ಹೊರಬರುತ್ತಿತ್ತು. "ಅವಳು ಹೊರಡೋ ಹಿಂದಿನ ದಿನ, ಘಾಟಿ ಇಳಿಯೋ ಕಾರು, ಬ್ರೇಕ್ ಸರಿಯಾಗಿ ನೋಡು ಅಂತ ಒಬ್ಬನ ಕೈಗೆ ಕೊಟ್ಟಿದ್ದೆ. ಇಡೀ ದಿನ ಅದರಡಿ ಮಲಗಿ ಕೆಲಸ ಮಾಡಿದವನು ಅವನೊಬ್ಬನೇ."

"ಯಾರು?" ಎಂದಳು ಲಿಂಗಮ್ಮ.

ಅವನು ಉತ್ತರ ಕೊಟ್ಟದ್ದು ಅವಳಿಗಲ್ಲ. ಬಿಲ್ಕಿಸಳ ಮುಖವನ್ನೇ ನೋಡುತ್ತ ಹೇಳಿದ.

"ನಿಮ್ಮ ಯಜಮಾನ, ರಹೀಂ."